ಬ್ಲ್ಯಾಕ್‌ಬರ್ಡ್ ಒಳಗೊಂದು ಬೀದರ್: ಕೊಟ್ಟ ಅಕ್ಷರಗಳಿರುವ ಉದ್ದದ ಇಂಗ್ಲಿಷ್ ಪದ ಹುಡುಕುವ ಬಗೆ

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ನಿಂತಿರುವ ಸರ್ಕಾರಿ ಬಸ್ಸುಗಳ ನಂಬರ್ ಪ್ಲೇಟ್ ನೋಡಿ. ಹೆಚ್ಚಿನವು ಕೆಎ 32 ಎಫ್ ಎಂದು ಶುರುವಾಗುತ್ತವೆ. ಯಾದಗಿರಿಯದಾದರೆ 33, ಬೀದರ್‌ನದಾದರೆ 38. ಆದರೆ ಕೆ, ಎ, ಎಫ್ ಮೂರೂ ಹಾಗೇ ಇರುತ್ತವೆ, ಯಾಕೆಂದರೆ ರಾಜ್ಯದ ಸಾರಿಗೆ ನಿಗಮಗಳ ಬಸ್ಸುಗಳಿಗೆ ಎಫ್ ಸರಣಿ. ಬಸ್ ಹೊರಡುವ ತನಕ ಹೊತ್ತು ಹೋಗಬೇಕಲ್ವಾ? ಈ ಮೂರು ಅಕ್ಷರ ಇರುವ ಇಂಗ್ಲಿಷ್ ಪದ ಹುಡುಕಿ. ಉದ್ದ ಇದ್ದಷ್ಟೂ ಒಳ್ಳೆಯದು.

ಮೊದಲು ಹೊಳೆಯುವುದು ಫೇಕ್, ಫ್ಲೇಕ್ ಥರದ ಪುಟ್ಟ ಪದಗಳು. ಸ್ವಲ್ಪ ತಡೆದರೆ ಥ್ಯಾಂಕ್‌ಫುಲ್ ಬರುತ್ತದೆ, ಎಂಟು ಅಕ್ಷರ. ಬ್ರೇಕ್‌ಫಾಸ್ಟ್ ಒಂಬತ್ತು. ಹ್ಯಾಂಡ್‌ಕರ್ಚೀಫ್ ಹನ್ನೆರಡು. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಬಸ್ ಹತ್ತಿದವರಿಗೆ ಇದೇ ಮೊದಲು ಹೊಳೆದರೂ ಆಶ್ಚರ್ಯವಿಲ್ಲ.

ಇದು ಬರೀ ಹೊತ್ತು ಕಳೆಯುವ ಆಟವಲ್ಲ. ಅಕ್ಷರ ಬರೆದ ಬಿಲ್ಲೆಗಳನ್ನು ಜೋಡಿಸಿ ಪದ ಮಾಡುವ ಸ್ಕ್ರ್ಯಾಬಲ್ ಆಟ ಆಡುವವರಿಗೆ, ಇಂಗ್ಲಿಷ್ ಪದಬಂಧ ಬಿಡಿಸುವವರಿಗೆ, ಬ್ಯಾಂಕ್ ಮತ್ತು ಎಸ್‌ಎಸ್‌ಸಿ ಪರೀಕ್ಷೆಯ ರೀಸನಿಂಗ್ ಭಾಗಕ್ಕೆ ತಯಾರಿ ನಡೆಸುವವರಿಗೆ ಇದು ನಿತ್ಯದ ಕೆಲಸ. ಆದರೂ ಬಹಳ ಜನ ಮಾಡುವುದು ಒಂದೇ: ಕೊಟ್ಟ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿ ಜೋಡಿಸುತ್ತಾ ಕೂರುವುದು. ಅದರಿಂದ ಉದ್ದದ ಪದ ಸಿಗುವುದು ಅಪರೂಪ. ಕೆಲಸ ಸುಲಭ ಆಗಬೇಕಾದರೆ ದಾರಿಯನ್ನೇ ಬದಲಿಸಬೇಕು.

ಓದುವಾಗ ಒಂದು ನೆನಪಿರಲಿ. ಇಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದಲೇ ಬರೆದಿದ್ದೇನೆ. ಎ ಮೊದಲನೆಯದು, ಇ ಐದನೆಯದು, ಐ ಒಂಬತ್ತನೆಯದು. ಪದ ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದು ಬೇಡ, ಸ್ಪೆಲ್ಲಿಂಗ್ ಮಾತ್ರ ನೋಡಿ. ಕನ್ನಡ ಪದಬಂಧ ತುಂಬಿ ರೂಢಿಯಾದವರಿಗೆ ಇದು ಶುರುವಿನಲ್ಲಿ ಸ್ವಲ್ಪ ತೊಡಕು. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿ ಒಂದು ಮನೆಗೆ ಒಂದು ಅಕ್ಷರ. ಕಲಬುರಗಿಗೆ ಐದು ಮನೆ ಸಾಕು. ಇಂಗ್ಲಿಷಿನಲ್ಲಿ ಅದೇ ಊರಿಗೆ ಹತ್ತು ಮನೆ ಬೇಕು.

‘ಇರಬೇಕು’ ಅಂದರೆ ಹೇಗಿರಬೇಕು?

ಕೊಟ್ಟ ಅಕ್ಷರಗಳು ಪದದಲ್ಲಿ ಇರಬೇಕು ಅನ್ನುವುದಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳದೆ ಇಬ್ಬರು ಆಡಲು ಕೂತರೆ ಜಗಳವೇ ಗತಿ.

ಮೊದಲನೆಯದು ಬಿಗಿ. ಅಕ್ಷರಗಳು ಅದೇ ಸಾಲಿನಲ್ಲಿ, ನಡುವೆ ಬೇರೇನೂ ನುಸುಳದಂತೆ ಅಂಟಿಕೊಂಡೇ ಬರಬೇಕು. ಕೆ-ಎ-ಎಫ್‌ಗೆ ಕಫ್ತಾನ್ ಇದೆ: ಕೆ-ಎ-ಎಫ್-ಟಿ-ಎ-ಎನ್. ಎರಡನೆಯದು ಸ್ವಲ್ಪ ಸಡಿಲ. ಸಾಲು ತಪ್ಪಬಾರದು, ಆದರೆ ನಡುವೆ ಬೇರೆ ಅಕ್ಷರ ಬಂದರೆ ಅಡ್ಡಿಯಿಲ್ಲ. ಕಂದು ಬಣ್ಣದ ಪ್ಯಾಕಿಂಗ್ ಕಾಗದಕ್ಕೆ ಕ್ರಾಫ್ಟ್ ಪೇಪರ್ ಅನ್ನುತ್ತಾರಲ್ಲ, ಆ ಕ್ರಾಫ್ಟ್ ಹೀಗಿದೆ: ಕೆ-ಆರ್-ಎ-ಎಫ್-ಟಿ. ಮೂರನೆಯದರಲ್ಲಿ ಸಾಲಿನ ಹಂಗೇ ಇಲ್ಲ. ಎಲ್ಲಿ ಬೇಕಾದರೂ ಇರಲಿ, ಇದ್ದರೆ ಸಾಕು. ಬ್ರೇಕ್‌ಫಾಸ್ಟ್ ಪಾಸಾಗುವುದು ಈ ಮೂರನೆಯ ಲೆಕ್ಕದಲ್ಲಿ ಮಾತ್ರ. ಅದರಲ್ಲಿ ಕೆ ಆದ ಮೇಲೆ ಎಫ್ ಬಂದು, ಆಮೇಲೆ ಎ ಬರುತ್ತದೆ.

ಮುಂದೆ ನಾವು ಹೆಚ್ಚಾಗಿ ಮೂರನೆಯ ಅರ್ಥವನ್ನೇ ಹಿಡಿಯೋಣ. ಅದೇ ಎಲ್ಲಕ್ಕಿಂತ ರುಚಿ.

ಇದರ ಉಲ್ಟಾ ಪ್ರಶ್ನೆಯೂ ಒಂದಿದೆ. ಕೊಟ್ಟ ಅಕ್ಷರಗಳನ್ನು ಬಿಟ್ಟು ಬೇರೆ ಯಾವುದೂ ಬರಬಾರದು ಅನ್ನುವುದು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸ್ಪೆಲ್ಲಿಂಗ್ ಬೀ ಆಟ ಇಂಥದ್ದು. ಏಳು ಅಕ್ಷರ ಕೊಡುತ್ತಾರೆ, ಅವನ್ನಷ್ಟೇ ಎಷ್ಟು ಸಲ ಬೇಕಾದರೂ ಬಳಸಿ ಪದ ಮಾಡಬೇಕು, ನಡುವಿನ ಅಕ್ಷರ ಬರಲೇಬೇಕು. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಉದ್ದದ ಪದ ಕೊಟ್ಟು, ಇದರ ಅಕ್ಷರಗಳಿಂದ ಯಾವ ಪದ ಆಗುವುದಿಲ್ಲ ಎಂದು ಕೇಳುವುದೂ ಅದೇ ಜಾತಿ. ರೇಡಿಯಾಲಜಿ ಕೊಟ್ಟಿದ್ದಾರೆ ಅನ್ನಿ: ಆರ್-ಎ-ಡಿ-ಐ-ಓ-ಎಲ್-ಓ-ಜಿ-ವೈ. ಆಯ್ಕೆಗಳು ಡೈರಿ, ಗ್ಲೋರಿ, ಡಾಲಿ. ಗೊಂಬೆಗೆ ಹೇಳುವ ಡಾಲಿಯ ಅಕ್ಷರಗಳು ಡಿ-ಓ-ಎಲ್-ಎಲ್-ವೈ. ಎಲ್ಲ ಅಕ್ಷರವೂ ಮೇಲೆ ಕಾಣುತ್ತದೆ. ಆದರೆ ಎಲ್ ಎರಡು ಬೇಕು, ಇರುವುದು ಒಂದು. ಹುಡುಗರು ಜಾರಿ ಬೀಳುವುದು ಇಲ್ಲೇ.

ಈ ‘ಎಷ್ಟು ಸಲ’ ಅನ್ನುವುದು ಚಿಕ್ಕ ವಿಷಯವಲ್ಲ. ಕಲಬುರಗಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಕೊಟ್ಟು ಪದ ಹುಡುಕು ಅಂದಾಗ ಪರಿಚಯದ ಹುಡುಗನೊಬ್ಬ ಕೇಳಿದ: “ಕಾಕಾ, ಇದ್ರಾಗ ಎ ಮೂರ್ ಸಲ ಅದಲ್ಲ? ಮೂರೂ ಬೇಕೇನು?” ಸರಿಯಾದ ಪ್ರಶ್ನೆ. ಎರಡು ಥರ ಆಡಬಹುದು. ಬಗೆ ಮಾತ್ರ ಲೆಕ್ಕ ಅಂದರೆ ಎ ಒಂದು ಸಲ ಬಂದರೂ ಸಾಕು. ಆಗ ಕಲಬುರಗಿಯಲ್ಲಿ ಇರುವುದು ಎಂಟೇ ಬಗೆ: ಕೆ, ಎ, ಎಲ್, ಬಿ, ಯು, ಆರ್, ಜಿ, ಐ. ಎಣಿಕೆಯೂ ಲೆಕ್ಕ ಅಂದರೆ ಮೂರು ಎ ಬರಲೇಬೇಕು. ಎರಡನೆಯದು ಎಷ್ಟು ಕಷ್ಟ ಅನ್ನುವುದು ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ಜೋಡಿಸಬೇಡಿ, ಸೋಸಿ

ಬೀದರ್‌ನ ಐದು ಅಕ್ಷರಗಳನ್ನು 120 ರೀತಿ ಜೋಡಿಸಬಹುದು. ಯಾದಗಿರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ವೈ-ಎ-ಡಿ-ಜಿ-ಐ-ಆರ್, ಆರು ಅಕ್ಷರ, 720 ರೀತಿ. ಕಲಬುರಗಿಯ ಹತ್ತಕ್ಕೆ, ಮೂರು ಎ ಒಂದೇ ಥರ ಇರುವುದನ್ನು ಕಳೆದ ಮೇಲೂ, 6,04,800 ರೀತಿ. ಇದು ಇರುವ ಅಕ್ಷರಗಳ ಲೆಕ್ಕ ಮಾತ್ರ. ನಮಗೆ ಬೇಕಿರುವುದು ಇನ್ನೂ ಉದ್ದದ ಪದ. ಅಂದರೆ ಹೊರಗಿನಿಂದ ಯಾವ ಅಕ್ಷರ ತರಬೇಕು, ಎಲ್ಲಿ ಇಡಬೇಕು ಅನ್ನುವುದೂ ಸೇರಿಕೊಳ್ಳುತ್ತದೆ. ಹೊಸ ಅಕ್ಷರ ಒಂದೊಂದು ಸೇರಿದಾಗಲೂ ಸಾಧ್ಯತೆಗಳು ಹತ್ತಾರು ಪಟ್ಟು ಬೆಳೆಯುತ್ತವೆ. ತಲೆಯಲ್ಲಿ ಆಗುವ ಕೆಲಸವಲ್ಲ ಇದು.

ಆದರೆ ಇಂಗ್ಲಿಷ್ ಪದಗಳು ಅಷ್ಟೊಂದಿಲ್ಲ. ಅಂತರರಾಷ್ಟ್ರೀಯ ಸ್ಕ್ರ್ಯಾಬಲ್ ಪಂದ್ಯಗಳಲ್ಲಿ ಬಳಸುವ ಕಾಲಿನ್ಸ್ ಪಟ್ಟಿಯಲ್ಲಿ, ಬಹುವಚನ, ಕ್ರಿಯಾಪದದ ಬೇರೆ ಬೇರೆ ರೂಪ ಎಲ್ಲ ಸೇರಿ, ಇರುವುದು ಎರಡೂ ಮುಕ್ಕಾಲು ಲಕ್ಷ ಚಿಲ್ಲರೆ ಪದ. ಕಲಬುರಗಿಯ ಜೋಡಣೆಗಳ ಅರ್ಧದಷ್ಟೂ ಇಲ್ಲ. ಹಾಗಾಗಿ ಅಕ್ಷರಗಳಿಂದ ಪದ ಕಟ್ಟಲು ಹೋಗಬಾರದು. ಪದಗಳಿಂದ ಶುರು ಮಾಡಿ, ಬೇಡದ್ದನ್ನು ಕೆಳಗೆ ಬಿಡಬೇಕು. ದಾಲ್ ಮಿಲ್ಲಿನಲ್ಲಿ ಬೇಳೆಯನ್ನು ಒಂದಾದ ಮೇಲೊಂದು ಜರಡಿಗೆ ಹಾಕುತ್ತಾರಲ್ಲ, ಹಾಗೆ. ಕಂಪ್ಯೂಟರ್ ಮಾಡುವುದೂ ಇದನ್ನೇ, ನಿಮ್ಮ ತಲೆ ಮಾಡಬೇಕಾದ್ದೂ ಇದನ್ನೇ.

ಮೊದಲ ಜರಡಿ ಯಾವುದಿರಬೇಕು? ಹೆಚ್ಚು ಪದ ಉದುರಿಸುವ ಅಕ್ಷರ. ಅಂದರೆ ಅಪರೂಪದ್ದು.

ಯಾವ ಅಕ್ಷರ ಅಪರೂಪ ಅನ್ನುವುದಕ್ಕೆ ಸ್ಕ್ರ್ಯಾಬಲ್ ಬಿಲ್ಲೆಗಳೇ ಒಳ್ಳೆಯ ಕೋಷ್ಟಕ. ಈ ಆಟ ಮಾಡಿದ್ದು ಅಮೆರಿಕದ ಆಲ್ಫ್ರೆಡ್ ಮೋಶರ್ ಬಟ್ಸ್. ಕಸುಬಿನಲ್ಲಿ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದಾಗ ಪತ್ರಿಕೆ ಹಿಡಿದುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ, ಅದರ ಮೇಲೆ ಬಿಲ್ಲೆಗಳ ಸಂಖ್ಯೆ ನಿಗದಿ ಮಾಡಿದರು. ಒಟ್ಟು ನೂರು ಬಿಲ್ಲೆ. ಇ ಹನ್ನೆರಡು, ಎ ಮತ್ತು ಐ ಒಂಬತ್ತೊಂಬತ್ತು, ಓ ಎಂಟು, ಎನ್, ಆರ್, ಟಿ ಆರಾರು. ಕೆ, ಜೆ, ಎಕ್ಸ್, ಕ್ಯೂ, ಝಡ್ ಒಂದೊಂದೇ. ಎಸ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಅದು ಬೇಕಾದಷ್ಟಿದೆ, ಬಟ್ಸ್ ಕೊಟ್ಟದ್ದು ನಾಲ್ಕೇ. ಎಲ್ಲ ಪದಕ್ಕೂ ಎಸ್ ಅಂಟಿಸಿ ಬಹುವಚನ ಮಾಡಿ ಅಂಕ ಹೊಡೆದುಬಿಡುತ್ತಾರೆ ಅನ್ನುವ ಭಯ.

ಹಾಗಾದರೆ ಬೀದರ್‌ಗೆ ಬಿಯಿಂದ ಶುರು ಮಾಡಿ. ಯಾದಗಿರಿಗೆ ವೈ, ಆಮೇಲೆ ಜಿ. ಕಲಬುರಗಿಗೆ ಕೆ. ಎ, ಐ, ಆರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಉದ್ದದ ಪದದಲ್ಲಿ ಅವು ಹೇಗೂ ಇರುತ್ತವೆ.

ಬಾಲ ಹಿಡಿಯುವುದು

ಉದ್ದದ ಇಂಗ್ಲಿಷ್ ಪದಗಳಲ್ಲಿ ಹೆಚ್ಚಿನವಕ್ಕೆ ಪರಿಚಿತ ಬಾಲ ಇರುತ್ತದೆ. ಐ-ಎನ್-ಜಿ, ಎ-ಬಿ-ಎಲ್-ಇ, ಟಿ-ಐ-ಓ-ಎನ್, ಐ-ಟಿ-ವೈ, ಐ-ಎಸ್-ಎಂ, ಎಲ್-ಓ-ಜಿ-ವೈ, ಜಿ-ಆರ್-ಎ-ಪಿ-ಎಚ್-ವೈ ಹೀಗೆ. ನಿಮ್ಮ ಅಪರೂಪದ ಅಕ್ಷರವನ್ನು ಯಾವ ಬಾಲ ನುಂಗುತ್ತದೆ ನೋಡಿ. ನುಂಗಿದ್ದನ್ನು ಬಿಟ್ಟು, ಉಳಿದ ಅಕ್ಷರಗಳಿಗೆ ಮಾತ್ರ ತಲೆ ಹುಡುಕಿ.

ಯಾದಗಿರಿಯನ್ನೇ ತೆಗೆದುಕೊಳ್ಳಿ. ವೈ ಇಂಗ್ಲಿಷಿನಲ್ಲಿ ಪದದ ಕೊನೆಗೆ ಕೂರುವುದೇ ಜಾಸ್ತಿ. ಎಲ್-ಓ-ಜಿ-ವೈ ಬಾಲ ಹಾಕಿದರೆ ಒಂದೇ ಏಟಿಗೆ ವೈ, ಜಿ ಎರಡೂ ಮುಗಿದವು. ಉಳಿದದ್ದು ಎ, ಡಿ, ಐ, ಆರ್. ಈ ನಾಲ್ಕೂ ಇರುವ, ‘ಲಜಿ’ಗೆ ಹೊಂದುವ ತಲೆ ಯಾವುದು? ರೇಡಿಯೋ. ರೇಡಿಯಾಲಜಿ, ಒಂಬತ್ತು ಅಕ್ಷರ. ಕಾರ್ಡಿಯೋ ಕೂಡ ಆಗುತ್ತದೆ. ಕಾರ್ಡಿಯಾಲಜಿ, ಹತ್ತು. ಗ್ರಫಿ ಬಾಲ ಹಾಕಿದರೆ ಇನ್ನೂ ಸುಲಭ, ಯಾಕೆಂದರೆ ಅದು ಜಿ, ಆರ್, ಎ, ವೈ ನಾಲ್ಕನ್ನೂ ನುಂಗುತ್ತದೆ. ಉಳಿಯುವುದು ಡಿ, ಐ ಮಾತ್ರ. ರೇಡಿಯೋಗ್ರಫಿ ಹನ್ನೊಂದು, ಕಾರ್ಡಿಯೋಗ್ರಫಿ ಹನ್ನೆರಡು. ಯಾದಗಿರಿಯ ಹೆಸರಿನಿಂದ ಹೊರಟು ಆಸ್ಪತ್ರೆ ಸುತ್ತಿ ಬಂದ ಹಾಗಾಯಿತು.

ಈಗ ಬೇರೆ ಬಾಲ ಹಿಡಿಯಿರಿ. ಐ-ಎನ್-ಜಿ ಹಾಕಿದರೆ ಐ, ಜಿ ಮುಗಿದವು. ಉಳಿದದ್ದು ವೈ, ಎ, ಡಿ, ಆರ್. ಎಚ್-ವೈ-ಡಿ-ಆರ್ ಎಂದು ಶುರುವಾಗುವ ನೀರಿನ ಪದಗಳು ನೆನಪಿಗೆ ಬಂದರೆ ಹೈಡ್ರೇಟಿಂಗ್ ಸಿಕ್ಕಿತು. ಮುಂದೆ ಡಿ-ಇ ಅಂಟಿಸಿ, ಡೀಹೈಡ್ರೇಟಿಂಗ್, ಹನ್ನೊಂದು. ರೆಡಿ ಅನ್ನುವುದನ್ನು ಕ್ರಿಯಾಪದ ಮಾಡಿದರೆ ರೆಡಿಯಿಂಗ್, ಎಂಟು. ಬಾಲ ಬದಲಾದರೆ ಸಿಗುವ ಪದಗಳ ಕುಟುಂಬವೇ ಬದಲಾಗುತ್ತದೆ ಅನ್ನುವುದನ್ನು ಗಮನಿಸಿ. ಒಂದು ಬಾಲ ಹಿಡಿದು ಏನೂ ಸಿಗಲಿಲ್ಲ ಅಂದರೆ ಪದ ಇಲ್ಲ ಎಂದಲ್ಲ.

ಬೀದರ್ ಸುಲಭ, ಮತ್ತು ಸಮೃದ್ಧ. ಅದೇ ಐದು ಅಕ್ಷರ ಹಿಂದೆ ಮುಂದೆ ಮಾಡಿದರೆ ಜಡೆ ಹೆಣೆಯುವ ಬ್ರೇಡ್ ಆಗುತ್ತದೆ, ಹುಚ್ಚು ನಾಯಿಗೆ ಹೇಳುವ ರ‍್ಯಾಬಿಡ್ ಆಗುತ್ತದೆ. ಒಂದು ಎಲ್ ಸೇರಿಸಿದರೆ ಬ್ರೈಡಲ್. ಎ-ಬಿ-ಎಲ್-ಇ ಬಾಲ ಹಿಡಿದರೆ ಎ, ಬಿ ಹೋಗಿ ಐ, ಡಿ, ಆರ್ ಉಳಿಯುತ್ತವೆ: ಕ್ರೆಡಿಟಬಲ್, ಕನ್ಸಿಡರಬಲ್, ಡಿಸಗ್ರೀಯಬಲ್, ಬಯೋಡಿಗ್ರೇಡಬಲ್. ಕೊನೆಯದಕ್ಕೆ ಹದಿಮೂರು ಅಕ್ಷರ. ಬಾಲದ ಬದಲು ಒಳಗೇ ಒಂದು ಇಡೀ ಪದ ಕಾಣುತ್ತದೆಯೇ ಎಂದೂ ನೋಡಬಹುದು. ಬಿ, ಐ, ಆರ್, ಡಿ ಸೇರಿದರೆ ಬರ್ಡ್. ಉಳಿದದ್ದು ಎ ಒಂದೇ. ಬರ್ಡ್‌ಕೇಜ್, ಬರ್ಡ್‌ಬಾತ್, ಬ್ಲ್ಯಾಕ್‌ಬರ್ಡ್. ಬಿ, ಡಿ, ಎ, ಆರ್ ಹಿಡಿದರೆ ಬೋರ್ಡಿಂಗ್, ಬ್ರಾಡ್‌ಕಾಸ್ಟಿಂಗ್.

ಕಲಬುರಗಿ ಬಗ್ಗುವುದು ಕಷ್ಟ. ಬಗೆ ಲೆಕ್ಕವೇ ಇರಲಿ, ಎಂಟು ಅಕ್ಷರ ಬೇಕು. ಕೆ ಇಂಗ್ಲಿಷಿನಲ್ಲಿ ಒಂಟಿಯಾಗಿ ತಿರುಗುವುದು ಕಡಿಮೆ. ಸಿ-ಕೆ, ಎನ್-ಕೆ, ಆರ್-ಕೆ, ಎಸ್-ಕೆ ಹೀಗೆ ಜೊತೆಗಾರರೊಂದಿಗೆ ಬರುತ್ತದೆ. ಸಿ-ಕೆ ಹಿಡಿದರೆ ಬ್ಲ್ಯಾಕ್ ಹೊಳೆಯುತ್ತದೆ. ಅದು ಬಿ, ಎಲ್, ಎ, ಕೆ ನಾಲ್ಕನ್ನು ಮುಗಿಸುತ್ತದೆ. ಉಳಿದ ಯು, ಆರ್, ಜಿ, ಐ ಪೈಕಿ ಮೂರಕ್ಕೆ ಗಾರ್ಡ್ ಇದೆ. ಬ್ಲ್ಯಾಕ್, ಗಾರ್ಡ್ ಸೇರಿದರೆ ನೀಚ, ಪೋಕರಿ ಎಂದು ಬೈಯುವ ಒಂದು ಹಳೆಯ ಇಂಗ್ಲಿಷ್ ಪದ. ಉಚ್ಚಾರ ಮಾತ್ರ ‘ಬ್ಲ್ಯಾಗಾರ್ಡ್’, ನಡುವಿನ ಸಿ, ಕೆ ಬಾಯಿಗೆ ಬರುವುದೇ ಇಲ್ಲ. ಐ ಬೇಕಲ್ಲ, ಅದಕ್ಕೆ ಐ-ಎಸ್-ಎಂ ಅಂಟಿಸಿದರೆ ಬ್ಲ್ಯಾಕ್‌ಗಾರ್ಡಿಸಂ. ಹದಿಮೂರು ಅಕ್ಷರ, ಎಂಟೂ ಬಗೆ ಒಳಗಿವೆ. ಆರ್-ಕೆ ಹಿಡಿದು ಐ-ಎನ್-ಜಿ ಬಾಲ ಹಾಕಿದರೆ ಬಲ್‌ವರ್ಕಿಂಗ್ ಸಿಗುತ್ತದೆ: ಬಿ-ಯು-ಎಲ್-ಡಬ್ಲ್ಯೂ-ಎ-ಆರ್-ಕೆ, ಆಮೇಲೆ ಐ-ಎನ್-ಜಿ. ಬಲ್‌ವರ್ಕ್ ಅಂದರೆ ಕೋಟೆಯ ರಕ್ಷಣಾ ಗೋಡೆ. ಬಹಮನಿ ಕೋಟೆ ಇರುವ ಊರಿಗೆ ಬೈಗುಳಕ್ಕಿಂತ ಇದು ವಾಸಿ.

ಈಗ ಆ ಹುಡುಗನ ಪ್ರಶ್ನೆಗೆ ಬನ್ನಿ. ಮೂರು ಎ ಬೇಕೇ ಬೇಕು ಅಂದರೆ ಎರಡೂ ಪದ ಬಿದ್ದುಹೋದವು. ಬಲ್‌ವರ್ಕಿಂಗ್‌ನಲ್ಲಿ ಎ ಒಂದು, ಬ್ಲ್ಯಾಕ್‌ಗಾರ್ಡಿಸಂನಲ್ಲಿ ಎರಡು. ಒಂದೇ ನಿಯಮದ ವ್ಯತ್ಯಾಸ, ಕೈಗೆ ಬಂದ ಪದ ಎರಡೂ ಕೈಬಿಟ್ಟವು. ಹಳೆಯ ಹೆಸರಿನ ಕಥೆಯೂ ಹೀಗೇ. 2014ರಲ್ಲಿ ಬದಲಾಗುವ ತನಕ ಊರು ಗುಲ್ಬರ್ಗಾ. ಅದರಲ್ಲಿ ಎಂಟು ಅಕ್ಷರ, ಆದರೆ ಬಗೆ ಆರೇ. ಬಗೆ ಲೆಕ್ಕದಲ್ಲಿ ಆ ಆರೂ ಕನ್ನಗಳ್ಳನಿಗೆ ಹೇಳುವ ಬರ್ಗ್ಲರ್ ಪದದೊಳಗೆ ಕೂರುತ್ತವೆ. ಎಣಿಕೆ ಲೆಕ್ಕದಲ್ಲಿ ಎರಡು ಜಿ, ಎರಡು ಎ ಬೇಕು, ಬರ್ಗ್ಲರ್ ಫೇಲು. ಹೆಸರು ಬದಲಾಯಿಸಿದ್ದು ಅದಕ್ಕಲ್ಲ ಬಿಡಿ.

ಒಂದೊಂದೇ 
ಅಕ್ಷರ ಸೇರಿಸಿ

ಸ್ಕ್ರ್ಯಾಬಲ್‌ನಲ್ಲಿ ಕೈಯಲ್ಲಿ ಏಳು ಬಿಲ್ಲೆ ಇರುತ್ತವೆ. ಏಳನ್ನೂ ಒಂದೇ ಸರದಿಯಲ್ಲಿ ಇಳಿಸಿದರೆ 50 ಅಂಕ ಹೆಚ್ಚುವರಿ. ಇದಕ್ಕಾಗಿ ಆಟಗಾರರು ಆರಕ್ಷರದ ಕೆಲವು ಗುಂಪುಗಳನ್ನು ಬಾಯಿಪಾಠ ಮಾಡಿರುತ್ತಾರೆ. ಅವಕ್ಕೆ ಬಹುತೇಕ ಯಾವ ಅಕ್ಷರ ಸೇರಿದರೂ ಏಳಕ್ಷರದ ಪದ ಆಗುತ್ತದೆ. ರೆಟಿನಾ ಅಂಥದ್ದೊಂದು. ಅದೇ ಅಕ್ಷರಗಳು ರಿಟೇನ್ ಕೂಡ ಆಗುತ್ತವೆ. ಇದಕ್ಕೆ ಸಿ ಸೇರಿಸಿ, ಸರ್ಟನ್. ಡಿ ಸೇರಿಸಿ, ಟ್ರೇನ್ಡ್. ಜಿಗೆ ಗ್ರಾನೈಟ್, ಎಚ್‌ಗೆ ಹೇರ್‌ನೆಟ್, ಎಲ್‌ಗೆ ರಿಲಯಂಟ್, ಪಿಗೆ ಪೇಂಟರ್, ಆರ್‌ಗೆ ಟೆರೇನ್, ಟಿಗೆ ನೈಟ್ರೇಟ್. ಎಂ ಸೇರಿಸಿದರೆ ಮಿನರೆಟ್. ಬೀದರ್‌ನ ಮಹಮೂದ್ ಗವಾನ್ ಮದರಸಾದಲ್ಲಿ ಉಳಿದುಕೊಂಡಿರುವ ಒಂಟಿ ಮಿನಾರು ನೋಡಿದವರಿಗೆ ಇದು ಮರೆಯುವುದಿಲ್ಲ.

ರೆಟಿನಾಗೆ ಈ ಗುಣ ಬಂದದ್ದು ಹೇಗೆ? ಅದರ ಆರೂ ಅಕ್ಷರ ಇಂಗ್ಲಿಷಿನಲ್ಲಿ ಹೇರಳ. ಬಟ್ಸ್‌ನ ನೂರು ಬಿಲ್ಲೆಗಳಲ್ಲಿ ಇ, ಎ, ಐ, ಆರ್, ಟಿ, ಎನ್ ಕೂಡಿಸಿದರೆ 48 ಆಗುತ್ತದೆ. ಸುಮಾರು ಅರ್ಧ. ಬಾಲಗಳೆಲ್ಲ ಹುಟ್ಟುವುದೂ ಬಹುಪಾಲು ಇವುಗಳಿಂದಲೇ.

ಮಕ್ಕಳಿಗೆ ಇದೇ ಉಪಾಯವನ್ನು ಆಟ ಮಾಡಿ ಕಲಿಸಬಹುದು. ಐ ಒಂದರಿಂದ ಶುರು. ಎನ್ ಸೇರಿಸಿ ಇನ್, ಆಮೇಲೆ ಸಿನ್, ಸಿಂಗ್, ಸ್ಟಿಂಗ್, ಸ್ಟ್ರಿಂಗ್, ಸ್ಟೇರಿಂಗ್, ಸ್ಟಾರ್ಟಿಂಗ್, ಸ್ಟಾರ್ಟ್ಲಿಂಗ್. ಪ್ರತಿ ಸಲ ಒಂದೇ ಹೊಸ ಅಕ್ಷರ, ಹಳೆಯವು ಸಾಲು ಬಿಟ್ಟು ಕದಲುವುದಿಲ್ಲ. ಒಂಬತ್ತರ ತನಕ ಹೋಯಿತು.

ಒಂದೇ ನೋಟಕ್ಕೆ ಪರೀಕ್ಷೆ

ಪದ ಹೊಳೆದ ಮೇಲೆ ಅದರಲ್ಲಿ ಎಲ್ಲ ಅಕ್ಷರ ಇವೆಯೇ ಎಂದು ನೋಡಬೇಕು. ಇಲ್ಲಿ ಎರಡು ಚಂದದ ಉಪಾಯಗಳಿವೆ.

ಮೊದಲನೆಯದಕ್ಕೆ ಪೆನ್ನು, ಕಾಗದ ಸಾಕು. ಅಕ್ಷರಗಳನ್ನು ಎಬಿಸಿಡಿ ಸಾಲಿನಲ್ಲಿ ಬರೆಯಿರಿ. ಬೀದರ್ ಆಗ ಎ-ಬಿ-ಡಿ-ಐ-ಆರ್ ಆಗುತ್ತದೆ. ಬ್ರೇಡ್, ರ‍್ಯಾಬಿಡ್ ಬರೆದರೂ ಅದೇ ಸಾಲು. ಅದೇ ಅಕ್ಷರಗಳ ಪದಗಳಿಗೆಲ್ಲ ಒಂದೇ ಸಹಿ. ಈಗ ಬ್ರಿಗೇಡ್ ಅನ್ನು ಹಾಗೆ ಬರೆಯಿರಿ: ಎ-ಬಿ-ಡಿ-ಇ-ಜಿ-ಐ-ಆರ್. ಎಡದಿಂದ ಬಲಕ್ಕೆ ಬೆರಳಿಟ್ಟು ನಡೆಯಿರಿ. ಎ, ಬಿ, ಡಿ ಸಿಕ್ಕವು, ಇ, ಜಿ ದಾಟಿದಿರಿ, ಐ, ಆರ್ ಸಿಕ್ಕವು. ಗಮನಿಸಿದಿರಾ? ಸಾಲಿನ ಹಂಗಿಲ್ಲದ ಮೂರನೆಯ ಪ್ರಶ್ನೆ, ಸಾಲಿರುವ ಎರಡನೆಯ ಪ್ರಶ್ನೆಯಾಗಿ ಬದಲಾಯಿತು. ಒಂದೇ ಅಕ್ಷರ ಎರಡು ಮೂರು ಸಲ ಬೇಕಿದ್ದರೂ ಈ ಉಪಾಯ ತಪ್ಪುವುದಿಲ್ಲ, ಯಾಕೆಂದರೆ ಅವು ಪಕ್ಕ ಪಕ್ಕ ಬಂದು ನಿಲ್ಲುತ್ತವೆ.

ಎರಡನೆಯದು ಗಣಿತ ಇಷ್ಟಪಡುವವರಿಗೆ. ಪ್ರತಿ ಅಕ್ಷರಕ್ಕೆ ಒಂದು ಅವಿಭಾಜ್ಯ ಸಂಖ್ಯೆ ಕೊಡಿ. ಎಗೆ 2, ಬಿಗೆ 3, ಸಿಗೆ 5, ಡಿಗೆ 7, ಇಗೆ 11, ಹೀಗೆ ಹೋದರೆ ಝಡ್‌ಗೆ 101 ಬರುತ್ತದೆ. ಈ ಲೆಕ್ಕದಲ್ಲಿ ಐ 23, ಆರ್ 61. ಪದದ ಅಕ್ಷರಗಳ ಸಂಖ್ಯೆಗಳನ್ನೆಲ್ಲ ಗುಣಿಸಿ. ಬೀದರ್ ಅಂದರೆ 3, 23, 7, 2, 61 ಗುಣಿಸಿ 58,926. ಬ್ರಿಗೇಡ್ ಗುಣಿಸಿದರೆ 1,10,19,162. ಈಗ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ಶೇಷ ಇಲ್ಲದೆ 187 ಬರುತ್ತದೆ. ಶೇಷ ಉಳಿಯಲಿಲ್ಲ ಅಂದರೆ ಬೀದರ್ ಪೂರ್ತಿಯಾಗಿ ಬ್ರಿಗೇಡ್ ಒಳಗಿದೆ. ಇಷ್ಟೇ ಅಲ್ಲ, 187 ಅಂದರೆ 11 ಗುಣಿಸು 17. ಅಂದರೆ ಇ ಮತ್ತು ಜಿ. ಯಾವ ಅಕ್ಷರ ಹೆಚ್ಚುವರಿ ಬಂದಿದೆ ಅನ್ನುವುದನ್ನೂ ಲೆಕ್ಕವೇ ಹೇಳಿಬಿಟ್ಟಿತು! ಬ್ರೈಡಲ್‌ಗೆ 21,80,262. ಭಾಗಿಸಿದರೆ 37, ಅದು ಎಲ್.

ಇದು ಕೆಲಸ ಮಾಡುವುದಕ್ಕೆ ಕಾರಣ, ಒಂದು ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಲು ಒಂದೇ ದಾರಿ ಇರುವುದು. ಯಾವ ಕ್ರಮದಲ್ಲಿ ಗುಣಿಸಿದರೂ ಉತ್ತರ ಅದೇ, ಹಾಗಾಗಿ ಅಕ್ಷರಗಳ ಸಾಲಿನ ಚಿಂತೆಯಿಲ್ಲ. ಎಣಿಕೆಯೂ ತಪ್ಪುವುದಿಲ್ಲ. ಕಲಬುರಗಿಯಲ್ಲಿ ಎ ಮೂರು ಸಲ, ಅಂದರೆ 8ರಿಂದ ಭಾಗವಾಗಬೇಕು. ಬಲ್‌ವರ್ಕಿಂಗ್ 2ರಿಂದ ಭಾಗವಾಗುತ್ತದೆ, 4ರಿಂದಲೇ ಆಗುವುದಿಲ್ಲ. ಬ್ಲ್ಯಾಕ್‌ಗಾರ್ಡಿಸಂ 4ಕ್ಕೆ ನಿಂತುಹೋಗುತ್ತದೆ. ಹೈಸ್ಕೂಲ್ ಮಕ್ಕಳಿಗೆ ಅಪವರ್ತನ ಕಲಿಸಲು ಇದಕ್ಕಿಂತ ಮಜಾ ಇರುವ ಉದಾಹರಣೆ ನನಗಂತೂ ಸಿಕ್ಕಿಲ್ಲ.

ತೊಂದರೆ ಒಂದೇ, ಪದ ಉದ್ದವಾದಂತೆ ಸಂಖ್ಯೆ ವಿಪರೀತ ದೊಡ್ಡದಾಗುತ್ತದೆ. ಹದಿನಾಲ್ಕು, ಹದಿನೈದು ಅಕ್ಷರದ ಪದಗಳು ಕಂಪ್ಯೂಟರಿನ ಸಾಮಾನ್ಯ 64 ಬಿಟ್ ಸಂಖ್ಯೆಯ ಮಿತಿಯನ್ನೂ ದಾಟಬಹುದು. ಅದಕ್ಕೇ ಪ್ರೋಗ್ರಾಂ ಬರೆಯುವವರು ಹೆಚ್ಚಾಗಿ ಬೇರೆ ದಾರಿ ಹಿಡಿಯುತ್ತಾರೆ. ಪ್ರತಿ ಪದಕ್ಕೆ 26 ಅಂಕೆಗಳ ಒಂದು ಸಾಲು. ಆ ಅಕ್ಷರ ಇದ್ದರೆ 1, ಇಲ್ಲದಿದ್ದರೆ 0. ಎರಡು ಸಾಲುಗಳನ್ನು ಹೋಲಿಸುವುದು ಕಂಪ್ಯೂಟರಿಗೆ ಒಂದೇ ಹೆಜ್ಜೆ. ಇದು ಬಗೆ ಲೆಕ್ಕ. ಇದರಲ್ಲಿ ಪಾಸಾದವನ್ನು ಮಾತ್ರ ಎಣಿಕೆ ಲೆಕ್ಕಕ್ಕೆ ಹಾಕಿದರೆ ಲಕ್ಷಗಟ್ಟಲೆ ಪದ ಕಣ್ಣು ಮಿಟುಕಿಸುವಷ್ಟರಲ್ಲಿ ಸೋಸಿ ಬರುತ್ತವೆ.

ಪ್ರೋಗ್ರಾಂ ಬಾರದವರಿಗೂ ದಾರಿ ಇದೆ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಪದಪಟ್ಟಿಯ ಕಡತ ಹಾಕಿಕೊಂಡು ಗ್ರೆಪ್ ಎಂಬ ಆದೇಶ ಕೊಡಬಹುದು. ಕೆನ್ ಥಾಂಪ್ಸನ್ 1970ರ ದಶಕದಲ್ಲಿ ಬರೆದ ಪುಟ್ಟ ಸಾಧನ ಅದು. ಬಿ ಇರುವ ಸಾಲುಗಳನ್ನು ತೆಗೆ, ಬಂದದ್ದರಲ್ಲಿ ಡಿ ಇರುವವನ್ನು ತೆಗೆ, ಅದರಲ್ಲಿ ಐ ಇರುವವನ್ನು ತೆಗೆ ಎಂದು ಪೈಪ್ ಹಾಕುತ್ತಾ ಹೋದರಾಯಿತು. ಸಾಲು ತಪ್ಪದ ಎರಡನೆಯ ಪ್ರಶ್ನೆಗೆ ಹಲವು ಪದಕೋಶದ ಹುಡುಕುಗಳಲ್ಲಿ ನಕ್ಷತ್ರದ ಗುರುತು ಸಿಗುತ್ತದೆ. ಅಕ್ಷರಗಳ ನಡುವೆ ಅದನ್ನು ಹಾಕಿದರೆ ‘ಇಲ್ಲಿ ಏನು ಬೇಕಾದರೂ ಬರಲಿ’ ಎಂದರ್ಥ.

ಏನೇ ಮಾಡಿದರೂ ಉತ್ತರ ನಿಮ್ಮ ಪಟ್ಟಿಯಷ್ಟೇ ಒಳ್ಳೆಯದು. ಚಿಕ್ಕ ಪಟ್ಟಿಯಲ್ಲಿ ಬಲ್‌ವರ್ಕ್ ನಾಮಪದವಾಗಿ ಇರುತ್ತದೆ, ಅದರ ಐ-ಎನ್-ಜಿ ರೂಪ ಇರುವುದಿಲ್ಲ. ಬ್ರಿಟಿಷ್ ಪಟ್ಟಿಯಲ್ಲಿ ಎಸ್ ಇರುವ ಕಡೆ ಅಮೆರಿಕದ ಪಟ್ಟಿಯಲ್ಲಿ ಝಡ್ ಇರಬಹುದು. ಹೆಸರುಗಳನ್ನು ಸ್ಕ್ರ್ಯಾಬಲ್ ಒಪ್ಪುವುದಿಲ್ಲ, ಮನೆಯ ಆಟದಲ್ಲಿ ನೀವು ಒಪ್ಪಬಹುದು.

ಆಳಂದವನ್ನು ನೋಡಿದರೆ ಇದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎ-ಎಲ್-ಎ-ಎನ್-ಡಿ. ಅಂಟಿಕೊಂಡೇ ಬರಬೇಕು ಅಂದರೆ ಝೀಲ್ಯಾಂಡ್ ಇದೆ, ಆದರೆ ಅದು ಹೆಸರು. ಸಾಲು ತಪ್ಪದೆ ಬರಬೇಕು ಅಂದರೆ ಸ್ಯಾಲಮ್ಯಾಂಡರ್. ಹೇಗಾದರೂ ಸರಿ ಅಂದರೆ ಸ್ಯಾಂಡಲ್, ಸ್ಕ್ಯಾಂಡಲ್, ಕ್ಯಾಲೆಂಡರ್. ಸೇಡಂನಿಂದ ಡ್ರೀಮ್ಸ್ ಬರುತ್ತದೆ. ಔರಾದ್‌ನಿಂದ ಗ್ರಾಜುಯೇಟ್, ಗಾರ್ಡಿಯನ್. ಸುರಪುರವನ್ನು ಇಂಗ್ಲಿಷಿನಲ್ಲಿ ಬೇರೆ ಬೇರೆ ಥರ ಬರೆಯುತ್ತಾರೆ. ಎಸ್-ಯು-ಆರ್-ಪಿ-ಯು-ಆರ್ ಎಂಬ ರೂಪ ಹಿಡಿದು ಒಂದೇ ಒಂದು ಇ ಸೇರಿಸಿದರೆ ಯುಸರ್ಪರ್, ಅಂದರೆ ಬೇರೆಯವರ ಅಧಿಕಾರ ಕಿತ್ತುಕೊಂಡವನು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಹುಮನಾಬಾದ್. ಎಚ್-ಯು-ಎಂ-ಎನ್-ಎ-ಬಿ-ಎ-ಡಿ, ಎರಡು ಎ ಸೇರಿ ಎಂಟು ಅಕ್ಷರ. ಎಣಿಕೆ ಲೆಕ್ಕದಲ್ಲೂ ಪೂರ್ತಿ ಕೂರುವ ಹತ್ತಕ್ಷರದ ಪದ ಇದೆ: ಹಸ್ಬೆಂಡ್‌ಮನ್, ರೈತನಿಗೆ ಇಂಗ್ಲಿಷಿನಲ್ಲಿ ಇದ್ದ ಹಳೆಯ ಹೆಸರು.

ಭಾಲ್ಕಿ ನಿಮಗೆ ಬಿಟ್ಟದ್ದು. ಬಿ-ಎಚ್-ಎ-ಎಲ್-ಕೆ-ಐ. ಉತ್ತರ ಎಂಟು ಅಕ್ಷರದ್ದು. ಕೆಗೆ ಜೊತೆಗಾರ ಸಿ, ಬಾಲ ಐ-ಎಸ್-ಎಚ್. ಎರೆಮಣ್ಣಿನ ಹೊಲ ನೋಡಿದವರಿಗೆ ಬೇಗ ಹೊಳೆಯುತ್ತದೆ.